ಮರಳಿ ಬಂದ ಕಲ್ಲುಗಳು

ಅರಸರು ಕಟ್ಟಿ ಮುಗಿಸಿದ್ದನ್ನು ನೋಡಲು ಸಾಲುಗಟ್ಟಿ ನಿಲ್ಲುತ್ತೇವೆ. ಕಟ್ಟಲು ಹೊರಟು ಅರ್ಧಕ್ಕೇ ಬಿಟ್ಟಿದ್ದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಅಧಿಕಾರದ ಆಸೆ, ಆತುರಗಳು ಎದ್ದು ಕಾಣುವುದು ಮಾತ್ರ ಅಲ್ಲಿಯೇ.

ಮೈಸೂರಿನ ನಜರ್‌ಬಾದ್ ಅಂಥ ಜಾಗ. ಟಿಪ್ಪು ಸುಲ್ತಾನ್ ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳನ್ನು ಹತ್ತಿರದ ಎತ್ತರದ ನೆಲಕ್ಕೆ ಸಾಗಿಸಿ, ನಜರಾಬಾದ್ ಎಂಬ ಹೊಸ ಕೋಟೆಗೆ ಕೈಹಾಕಿದ. ಒಡೆಯರ ನೆನಪನ್ನು ಅಳಿಸುವುದೇ ಉದ್ದೇಶ ಎಂದು ಬ್ರಿಟಿಷ್ ಇತಿಹಾಸಕಾರರು ಬರೆದರು. 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿ ಕಂಡ ದೊಡ್ಡ ಕೊರತೆ ನೀರಿನದು. ನೀರಿಲ್ಲದ ದಿಬ್ಬದ ಮೇಲೆ ಎಷ್ಟು ಗಟ್ಟಿ ಗೋಡೆ ಎದ್ದರೂ ಊರು ನಿಲ್ಲುವುದಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಜೂನ್ 30ರಂದು ಇನ್ನೂ ಐದು ವರ್ಷ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಆಗ ಮೈಸೂರಿನಲ್ಲಿ ದೊರೆ ಇರಲು ತಕ್ಕ ಅರಮನೆಯೇ ಇರಲಿಲ್ಲ. ನಜರಾಬಾದಿಗೆ ಹೋಗಿದ್ದ ಕಲ್ಲುಗಳೇ ಹಳೆಯ ಜಾಗಕ್ಕೆ ಮರಳಿದವು, ಕೋಟೆ ಮತ್ತೆ ಎದ್ದಿತು. ಅವಸರದಲ್ಲಿ ಕಟ್ಟಿದ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ, ಮದರಾಸಿನ ಕಟ್ಟಡಗಳಿಂದ ಹೆಸರಾಗಿದ್ದ ಹೆನ್ರಿ ಇರ್ವಿನ್ ರೂಪಿಸಿದ ಇಂದಿನ ಅರಮನೆ 1912ರಲ್ಲಿ ಪೂರ್ಣವಾಯಿತು. ಕಲ್ಲು ಹೊತ್ತವರ ಹೆಸರು ಮಾತ್ರ ಹೋಗುವಾಗಲೂ ಬರುವಾಗಲೂ ಯಾರ ದಾಖಲೆಗೂ ಸೇರಲಿಲ್ಲ.

ಪ್ಯಾರಿಸ್ಸಿನಲ್ಲೂ ಇಂಥದೇ ಒಂದು ನೆಲವಿದೆ. 1811ರಲ್ಲಿ ಹುಟ್ಟಿದ ಮಗನಿಗಾಗಿ ನೆಪೋಲಿಯನ್ ಶಾಯೋ ದಿಬ್ಬದಲ್ಲಿ ಭಾರಿ ಅರಮನೆ ಆರಂಭಿಸಿದ. ಅವನ ಪತನದೊಂದಿಗೆ ಕೆಲಸ ನಿಂತಿತು. ಅದೇ ದಿಬ್ಬದಲ್ಲಿ 1878ರ ವಿಶ್ವ ಪ್ರದರ್ಶನಕ್ಕೆ ಒಂದು ಭವನ, 1937ರಲ್ಲಿ ಇನ್ನೊಂದು ಎದ್ದವು. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿದ್ದು ಅಲ್ಲಿಯೇ. ಒಬ್ಬ ರಾಜಕುಮಾರನಿಗೆಂದು ಆರಿಸಿದ ನೆಲ ಎಲ್ಲ ಮನುಷ್ಯರ ಹಕ್ಕಿನ ಮಾತಿಗೆ ವೇದಿಕೆಯಾಯಿತು.

ನಜರ್‌ಬಾದ್ ಕೂಡ ಈಗ ಮೈಸೂರಿನ ಜನರ ಬಡಾವಣೆ. ಮಿನಿ ವಿಧಾನಸೌಧ ಇಲ್ಲಿದೆ. ರೈತರು ಪಹಣಿ, ಖಾತೆಯ ಕೆಲಸಕ್ಕೆ ಬರುತ್ತಾರೆ. ಸುಲ್ತಾನನ ಕೋಟೆ ಮುಗಿಯದೆ ಹೋದದ್ದಕ್ಕೆ ದುಃಖ ಬೇಡ. ಆ ನೆಲಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಸಿಕ್ಕಿದೆ. ಆದರೆ ಕಥೆ ಮರೆಯಬಾರದು. ದಸರೆಗೆ ಮಕ್ಕಳನ್ನು ಮೈಸೂರಿಗೆ ಕರೆತರುವ ಶಿಕ್ಷಕರು ಅರಮನೆ ತೋರಿಸಿದ ಮೇಲೆ ನಜರ್‌ಬಾದಿಗೂ ಕರೆದೊಯ್ಯಲಿ. ಕಟ್ಟಿದವರ ಇತಿಹಾಸದಷ್ಟೇ ಕಟ್ಟಲಾಗದವರ ಇತಿಹಾಸವೂ ಅವರಿಗೆ ಪಾಠವಾಗಬೇಕು.