ಬ್ರೇಕು ಹಿಡಿಯದ ಕಾರು, ಕನ್ನಡ ತಿಳಿಯದ ಶೋರೂಮು

ಕಾರು ಮಾರುವಾಗ ಶೋರೂಮಿನವರಿಗೆ ಕನ್ನಡ ಎಷ್ಟು ಚೆನ್ನಾಗಿ ಬರುತ್ತದೆ, ಗಮನಿಸಿದ್ದೀರಾ? "ಬನ್ನಿ ಸಾರ್, ಕೂತ್ಕೊಳ್ಳಿ ಸಾರ್, ಕಾಫಿ ತಗೋತೀರಾ?" ಬಾನೆಟ್ಟಿಗೆ ರಿಬ್ಬನ್ನು, ಚಕ್ರದಡಿ ನಿಂಬೆಹಣ್ಣು, ಕುಟುಂಬದವರನ್ನೆಲ್ಲ ನಿಲ್ಲಿಸಿ ಒಂದು ಫೋಟೋ. ಬ್ಯಾಂಕಿನ ಸಾಲದ ಕಾಗದಕ್ಕೆ ಸಹಿ ಬೀಳುವ ತನಕ ನೀವೇ ದೇವರು, ಕನ್ನಡವೇ ದೇವಭಾಷೆ. ಅದೇ ಕಾರು ಹದಿನೈದೇ ದಿನಕ್ಕೆ ಬ್ರೇಕು ಸರಿಯಿಲ್ಲವೆಂದು ಸರ್ವೀಸ್ ಸೆಂಟರಿನ ಬಾಗಿಲಿಗೆ ಬರಲಿ, ಕನ್ನಡ ಮಾಯ! "ಕ್ಯಾ ಪ್ರಾಬ್ಲಂ ಹೈ ಸರ್?"

ಗೆಳೆಯರೇ, ಇದು ಬರೀ ಅಭಿಮಾನದ ಮಾತು ಎಂದುಕೊಳ್ಳಬೇಡಿ. ಮ್ಯೂಸಿಕ್ ಸಿಸ್ಟಂ ಕೆಟ್ಟಿದ್ದರೆ ಯಾವ ಭಾಷೆಯಲ್ಲಿ ಹೇಳಿದರೂ ನಡೆಯುತ್ತದೆ, ಹಾಡು ಕೇಳದೆ ಯಾರೂ ಸಾಯುವುದಿಲ್ಲ. ಇದು ಬ್ರೇಕು. ಶಿರಾಡಿಯ ಇಳಿಜಾರಿನಲ್ಲಿ, ಆಗುಂಬೆಯ ತಿರುವಿನಲ್ಲಿ, ಹೆಬ್ಬಾಳದ ಫ್ಲೈಓವರ್ ಇಳಿಯುವಾಗ ಹೆಂಡತಿ ಮಕ್ಕಳನ್ನು ಉಳಿಸುವುದು ಆ ಒಂದು ಪೆಡಲ್ಲು. ಅದರ ದೂರನ್ನು ನಮ್ಮ ಭಾಷೆಯಲ್ಲಿ ಕೇಳಿಸಿಕೊಳ್ಳಲು ಆಗದ ಅಂಗಡಿಗೆ ನಮ್ಮ ನೆಲದಲ್ಲಿ ಕಾರು ಮಾರುವ ಹಕ್ಕು ಎಲ್ಲಿಂದ ಬಂತು?

ಬ್ರೇಕಿನ ತೊಂದರೆ ಮಾತಿನಲ್ಲೇ ಅರ್ಧ ಪತ್ತೆಯಾಗುವ ರೋಗ. ತುಳಿದಾಗ ಪೆಡಲ್ಲು ಸ್ಪಂಜಿನ ಹಾಗೆ ಮೆತ್ತಗೆ ಒಳಗೆ ಹೋದರೆ ಬ್ರೇಕ್ ಆಯಿಲ್ ಪೈಪಿನೊಳಗೆ ಗಾಳಿ ಸೇರಿರಬಹುದು, ಇಲ್ಲವೇ ಎಲ್ಲೋ ಸೋರುತ್ತಿರಬಹುದು. ಪೆಡಲ್ಲು ಕಲ್ಲಿನಂತೆ ಗಟ್ಟಿಯಾದರೆ ಬೂಸ್ಟರಿನ ಕಡೆ ನೋಡಬೇಕು. ತುಳಿದ ಕೂಡಲೇ ಕಾರು ಒಂದೇ ಪಕ್ಕಕ್ಕೆ ಎಳೆದರೆ ಯಾವುದೋ ಒಂದು ಚಕ್ರದ ಕ್ಯಾಲಿಪರ್ ಸಿಕ್ಕಿಹಾಕಿಕೊಂಡಿರಬಹುದು. ಪೆಡಲ್ಲೂ ಸ್ಟೇರಿಂಗೂ ನಡುಗಿದರೆ ಡಿಸ್ಕಿನ ಮೇಲೆ ಅನುಮಾನ. ಮಳೆ ಬಂದ ಮಾರನೆಯ ಬೆಳಿಗ್ಗೆ ಎರಡು ಸಲ ಕಿರ್ರೆಂದು ಸುಮ್ಮನಾದರೆ ಅದು ಡಿಸ್ಕಿನ ಮೇಲಿನ ತೆಳು ತುಕ್ಕು, ಹೆದರಬೇಕಿಲ್ಲ. ಜೋರಾಗಿ ಅದುಮಿದಾಗ ಪೆಡಲ್ಲು ಟಕಟಕ ಎಂದು ಕಾಲನ್ನು ಒದೆಯುವುದು ಎಬಿಎಸ್ ಮಾಡುವ ಕೆಲಸ. 2019ರ ಏಪ್ರಿಲಿನಿಂದ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯ.

ನೋಡಿ, ಮೆತ್ತಗೆ, ಗಟ್ಟಿ, ಎಳೆಯುತ್ತೆ, ನಡುಗುತ್ತೆ, ಒದೆಯುತ್ತೆ. ಐದು ಮಾತು, ಐದು ಬೇರೆ ಬೇರೆ ಅರ್ಥ. ಜೆ.ಸಿ. ರಸ್ತೆಯ ಗ್ಯಾರೇಜಿನಲ್ಲಿ ಇಷ್ಟು ಹೇಳಿದರೆ ಮೇಸ್ತ್ರಿ ಅರ್ಧ ನಿಮಿಷದಲ್ಲಿ ತಲೆಯಾಡಿಸುತ್ತಾನೆ. ಆದರೆ ಗಾಜಿನ ಕೋಣೆಯ ಸರ್ವೀಸ್ ಅಡ್ವೈಸರ್ ಇವನ್ನೆಲ್ಲ ಕೇಳಿ ಜಾಬ್ ಕಾರ್ಡಿನಲ್ಲಿ ಬರೆಯುವುದೇನು? 'ಬ್ರೇಕ್ ಚೆಕ್'. ಅಷ್ಟೇ! ಕೆಳಗೆ ಸಹಿ ಮಾಡಿ ಅನ್ನುತ್ತಾನೆ. ನೀವು ಮಾಡುತ್ತೀರಿ. ಸಂಜೆ ಕಾರು ತೊಳೆದು ಕೊಡುತ್ತಾರೆ, ಕಾಗದದಲ್ಲಿ 'ನೋ ಪ್ರಾಬ್ಲಂ ಫೌಂಡ್'.

ಇನ್ನೊಂದು ವಿಪರ್ಯಾಸ ಕೇಳಿ. ಆ ಗಾಜಿನ ಆಚೆ, ಗ್ರೀಸು ಮೆತ್ತಿದ ಕೈಯಲ್ಲಿ ಚಕ್ರ ಬಿಚ್ಚುವ ಹುಡುಗ ಬಹಳ ಸಲ ನಮ್ಮ ಹಾವೇರಿಯವನೋ ಚಾಮರಾಜನಗರದವನೋ ಆಗಿರುತ್ತಾನೆ, ಐಟಿಐ ಓದಿ ಬಂದವನು. ಕನ್ನಡಿಗನ ಕಾರು, ಕನ್ನಡಿಗನ ದೂರು, ರಿಪೇರಿ ಮಾಡುವವನೂ ಕನ್ನಡಿಗ. ನಡುವೆ ಎರಡು ಪದದ ಒಂದು ಇಂಗ್ಲಿಷ್ ಚೀಟಿ! ಇಬ್ಬರೂ ಎದುರುಬದುರು ನಿಂತು ಮಾತಾಡಿದರೆ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ನಾಲ್ಕು ಸಲ ರಜೆ ಹಾಕಿ ಅಲೆಯಬೇಕು.

ಅಲೆದಾಗ ಸಿಗುವ ಉತ್ತರವೂ ಎಲ್ಲರಿಗೂ ಬಾಯಿಪಾಠ. "ಹೊಸ ಗಾಡಿ ಸಾರ್, ಓಡ್ತಾ ಓಡ್ತಾ ಸೆಟ್ ಆಗುತ್ತೆ." ಇದರಲ್ಲಿ ಅರ್ಧ ನಿಜವಿದೆ, ಅದಕ್ಕೇ ಇದು ಅಪಾಯದ ಮಾತು. ಹೊಸ ಬ್ರೇಕ್ ಪ್ಯಾಡು ಡಿಸ್ಕಿಗೆ ಸರಿಯಾಗಿ ಕೂರಲು ಕೆಲವು ನೂರು ಕಿಲೋಮೀಟರು ಓಡಬೇಕು, ಹೌದು. ಆದರೆ ಪೈಪಿನೊಳಗಿನ ಗಾಳಿ ಓಡಿಸಿದರೆ ಹೋಗುವುದಿಲ್ಲ, ಸೋರುವ ಆಯಿಲು ತಾನಾಗಿ ನಿಲ್ಲುವುದಿಲ್ಲ. ಪೆಡಲ್ಲು ನೆಲ ಮುಟ್ಟುತ್ತಿದೆ ಎಂದವನಿಗೆ 'ಸೆಟ್ ಆಗುತ್ತೆ' ಎಂದು ಕಳಿಸುವುದು ಜೀವದ ಜೊತೆ ಚೆಲ್ಲಾಟ.

ಹೊಸ ಕಾರಿನಲ್ಲಿ ದೋಷವಿರಲು ಸಾಧ್ಯವೇ ಇಲ್ಲ ಎಂದು ವಾದಿಸುವವರಿಗೆ ಒಂದು ನೆನಪು. 2022ರ ಅಕ್ಟೋಬರಿನಲ್ಲಿ ಮಾರುತಿ ಸುಜುಕಿ ಕಂಪನಿಯೇ 9,925 ವ್ಯಾಗನ್ ಆರ್, ಸೆಲೆರಿಯೊ, ಇಗ್ನಿಸ್ ಕಾರುಗಳನ್ನು ವಾಪಸು ಕರೆಯಿತು. ಕಾರಣ, ಹಿಂದಿನ ಬ್ರೇಕಿನ ಜೋಡಣೆಯಲ್ಲಿ ಒಂದು ಪಿನ್ನಿನ ಮೇಲೆ ಅನುಮಾನ. ದೇಶದ ಅತಿ ದೊಡ್ಡ ಕಾರು ಕಂಪನಿಯೇ ಮುಚ್ಚಿಡದೆ ಹೇಳಬಹುದಾದರೆ, ಬೀದಿ ಮೂಲೆಯ ಡೀಲರನಿಗೇಕೆ ಒಣಪ್ರತಿಷ್ಠೆ? ದೋಷವಿರುವ ವಾಹನಗಳನ್ನು ಕಡ್ಡಾಯವಾಗಿ ವಾಪಸು ಕರೆಸುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 110ಎ ಕಲಮಿನಲ್ಲಿ ಕೇಂದ್ರ ಸರ್ಕಾರಕ್ಕಿದೆ. 2019ರ ತಿದ್ದುಪಡಿಯಲ್ಲಿ ಬಂದ ಈ ಕಲಮು 2021ರ ಏಪ್ರಿಲಿನಿಂದ ಜಾರಿಯಲ್ಲಿದೆ.

ಇನ್ನು ಆ ದಪ್ಪ ಪುಸ್ತಕ! ಕಾರಿನ ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಇಂಗ್ಲಿಷಿನ ನೂರಾರು ಪುಟ. ಕೆಂಪು ದೀಪ ಹತ್ತಿದರೆ ಕಾರು ನಿಲ್ಲಿಸಬೇಕೋ ಓಡಿಸಬಹುದೋ ಎಂಬುದು ಅದರೊಳಗೆಲ್ಲೋ ಇದೆ. ಹೊಸಕೋಟೆಯ ತರಕಾರಿ ವ್ಯಾಪಾರಿಯೂ, ಓಲಾ ಊಬರ್ ಓಡಿಸುವ ಮಂಡ್ಯದ ಹುಡುಗನೂ ಅದನ್ನು ಹೇಗೆ ಓದಬೇಕು? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೇ ಕಲಮು ತೆಗೆದು ನೋಡಿ. ಹಾನಿ ತಪ್ಪಿಸಲು ಬೇಕಾದ ಬಳಕೆಯ ಸೂಚನೆ, ಎಚ್ಚರಿಕೆಗಳು ಸಾಕಷ್ಟಿಲ್ಲದಿದ್ದರೆ ತಯಾರಕನೇ ಹೊಣೆ ಎನ್ನುತ್ತದೆ ಅದು. ಕೊಂಡವನಿಗೆ ಓದಲು ಬಾರದ ಸೂಚನೆ 'ಸಾಕಷ್ಟು' ಸೂಚನೆ ಹೇಗಾಯಿತು ಸ್ವಾಮಿ? ಈ ಪ್ರಶ್ನೆಯನ್ನು ಕನ್ನಡದ ವಕೀಲರು ಯಾರಾದರೂ ಆಯೋಗದ ಮುಂದೆ ಎತ್ತಲೇಬೇಕು.

ಹಾಗಾದರೆ ಬ್ರೇಕು ಕೈಕೊಟ್ಟ ಹೊಸ ಕಾರಿನ ಯಜಮಾನ ಏನು ಮಾಡಬೇಕು? ಶೋರೂಮಿನಲ್ಲಿ ಕೂಗಾಡಿದರೆ ಅರ್ಧ ಗಂಟೆ ಮರ್ಯಾದೆ ಸಿಗುತ್ತದೆ, ಬ್ರೇಕು ಸರಿಹೋಗುವುದಿಲ್ಲ. ಕಾಗದದಲ್ಲಿ ಹೋರಾಡಿ.

ಮೊದಲು, ಅನುಮಾನವಿರುವ ಕಾರನ್ನು ನೀವೇ ಓಡಿಸಿಕೊಂಡು ಹೋಗಬೇಡಿ, ಟೋ ಮಾಡಿಸಿ ಒಯ್ಯಿರಿ ಎಂದು ಹಟ ಹಿಡಿಯಿರಿ. ಜಾಬ್ ಕಾರ್ಡಿನಲ್ಲಿ ನಿಮ್ಮ ಮಾತನ್ನು ನೀವೇ ಕನ್ನಡದಲ್ಲಿ ಬರೆಯಿರಿ: ಯಾವಾಗ, ಎಷ್ಟು ವೇಗದಲ್ಲಿ, ಪೆಡಲ್ಲು ಏನಾಯಿತು. ಜಾಗವಿಲ್ಲವೆಂದರೆ ಬೇರೆ ಹಾಳೆಯಲ್ಲಿ ಬರೆದು ಸೀಲು ಹಾಕಿಸಿಕೊಳ್ಳಿ. ಎಲ್ಲದರ ಫೋಟೋ ಇಟ್ಟುಕೊಳ್ಳಿ. ಅದೇ ದಿನ ಅದನ್ನೇ ಡೀಲರಿಗೂ ಕಂಪನಿಗೂ ಇಮೇಲ್ ಮಾಡಿ. ವರ್ಕ್ಸ್ ಮ್ಯಾನೇಜರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರಿಂದಲೇ ಓಡಿಸಿ ನೋಡಿಸಿ. ಯಾವ ಬಿಡಿಭಾಗ ಬದಲಿಸಿದರು ಎಂಬುದನ್ನು ಬರಹದಲ್ಲಿ ಪಡೆಯಿರಿ. ಸರಿಹೋಗದೆ 'ತೃಪ್ತಿಯಾಗಿದೆ' ಎಂಬ ಚೀಟಿಗೆ ಸಹಿ ಹಾಕಬೇಡಿ. ವಾರಂಟಿ ಇರುವಾಗ ಹೊರಗಿನ ಗ್ಯಾರೇಜಿನಲ್ಲಿ ಬಿಚ್ಚಿಸಲೂ ಬೇಡಿ, ಅದನ್ನೇ ನೆಪ ಮಾಡಿ ಕೈ ತೊಳೆದುಕೊಳ್ಳುತ್ತಾರೆ.

ಆಗಲೂ ಬಗ್ಗದಿದ್ದರೆ 1915ಕ್ಕೆ ಫೋನು ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡುವ ವ್ಯವಸ್ಥೆ ಅಲ್ಲಿದೆ. ಮುಂದಿನ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. ಕಂಪನಿಯ ಹೆಡ್ಡಾಫೀಸು ಚೆನ್ನೈಯಲ್ಲಿರಲಿ, ದೆಹಲಿಯಲ್ಲಿರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 50 ಲಕ್ಷದವರೆಗಿನ ಕಾರಿನ ದೂರು ಇಲ್ಲೇ. ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400 ರೂಪಾಯಿ. ವಕೀಲರಿಲ್ಲದೆ ನೀವೇ ವಾದಿಸಬಹುದು. ಎರಡು ವರ್ಷದೊಳಗೆ ಹೋಗಬೇಕು, ಮರೆಯಬೇಡಿ.

ಅಲ್ಲಿ ಏನು ಸಿಗುತ್ತದೆ? ಸುಳ್ಳು ಆಸೆ ಹುಟ್ಟಿಸುವುದಿಲ್ಲ. ವಾರಂಟಿ ಎಂದರೆ ಕೆಟ್ಟ ಭಾಗ ಬದಲಿಸುವುದೇ ಹೊರತು ಇಡೀ ಕಾರನ್ನಲ್ಲ ಎಂದು 2006ರಲ್ಲಿ ಕ್ಲಚ್ ದೋಷದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ 2022ರಲ್ಲಿ, ಅಪಘಾತದಲ್ಲಿ ಏರ್‌ಬ್ಯಾಗು ತೆರೆಯದ ಹ್ಯುಂಡೈ ಕಾರಿನ ಮೊಕದ್ದಮೆಯಲ್ಲಿ ಅದೇ ಕೋರ್ಟು ಗ್ರಾಹಕನ ಕೈಹಿಡಿಯಿತು. ಗ್ರಾಹಕ ಭೌತಶಾಸ್ತ್ರದ ಪಂಡಿತನಾಗಿರಬೇಕಿಲ್ಲ ಎಂಬ ಅರ್ಥದ ಮಾತನ್ನೂ ಆಡಿತು. ಅಂದರೆ ಎಲ್ಲವೂ ನಿಂತಿರುವುದು ನಿಮ್ಮ ಕೈಯಲ್ಲಿರುವ ಕಾಗದದ ಮೇಲೆ. ನಾಲ್ಕು ಸಲ ಹೋದರೂ ನಾಲ್ಕು ಚೀಟಿಯಲ್ಲೂ 'ಬ್ರೇಕ್ ಚೆಕ್' ಎಂದಷ್ಟೇ ಇದ್ದರೆ ನ್ಯಾಯಾಧೀಶರು ತಾನೇ ಏನು ಮಾಡಿಯಾರು? ಭಾಷೆ ಕಳೆದುಕೊಂಡವನು ಸಾಕ್ಷಿಯನ್ನೂ ಕಳೆದುಕೊಂಡ.

1982ರಲ್ಲಿ ಡಾ. ರಾಜ್ ಹಿಂದೆ ಕನ್ನಡಿಗರು ಗೋಕಾಕ್ ವರದಿಗಾಗಿ ಬೀದಿಗಿಳಿದಿದ್ದರು. ಅದೇ ವರ್ಷ ಅಮೆರಿಕದ ಕನೆಕ್ಟಿಕಟ್ ರಾಜ್ಯ, ಪದೇ ಪದೇ ರಿಪೇರಿಯಾದರೂ ಸರಿಹೋಗದ ಹೊಸ ಕಾರನ್ನು ಕಂಪನಿಯೇ ಬದಲಿಸಬೇಕು, ಇಲ್ಲವೇ ಹಣ ವಾಪಸು ಕೊಡಬೇಕು ಎಂದು ಕಾನೂನು ಮಾಡಿತು. ನಮ್ಮ ದೇಶದಲ್ಲಿ ಅಂಥ ಪ್ರತ್ಯೇಕ ಕಾನೂನು ಇಂದಿಗೂ ಇಲ್ಲ. ಅದು ಬರಲಿ. ಅಲ್ಲಿಯವರೆಗೆ ನಮ್ಮ ರಾಜ್ಯ ಸರ್ಕಾರ ಕೈಕಟ್ಟಿ ಕೂರಬೇಕಿಲ್ಲ. 2024ರ ತಿದ್ದುಪಡಿಯಿಂದ ಅಂಗಡಿಯ ಬೋರ್ಡಿನಲ್ಲಿ ಶೇಕಡ 60 ಕನ್ನಡ ಕಡ್ಡಾಯವಾಯಿತು. ಬೋರ್ಡಿನಲ್ಲಿ ಶೇಕಡ 60, ಜಾಬ್ ಕಾರ್ಡಿನಲ್ಲಿ ಸೊನ್ನೆ! ಡೀಲರುಗಳಿಗೆ ಟ್ರೇಡ್ ಸರ್ಟಿಫಿಕೇಟ್ ಕೊಡುವುದು ನಮ್ಮ ಸಾರಿಗೆ ಇಲಾಖೆ. ದೂರು ಬರೆದುಕೊಳ್ಳುವ ಮೇಜಿನಲ್ಲಿ ಕನ್ನಡ ಬಲ್ಲ ಸಿಬ್ಬಂದಿ, ಕನ್ನಡದ ಜಾಬ್ ಕಾರ್ಡು, ಬ್ರೇಕು ಮತ್ತು ಏರ್‌ಬ್ಯಾಗಿನ ಅಧ್ಯಾಯವಾದರೂ ಕನ್ನಡದಲ್ಲಿರುವ ಕೈಪಿಡಿ, ಈ ಮೂರನ್ನು ಇಲಾಖೆ ಕೇಳಲಿ. ನಮ್ಮ ಬಿಡದಿಯ ನೆಲದಲ್ಲಿ 1999ರಿಂದ ಕಾರು ತಯಾರಾಗುತ್ತಿದೆ. ಕಾರು ಕಟ್ಟಲು ಆಗುವ ನೆಲದಲ್ಲಿ ಅದರ ಕೈಪಿಡಿ ಬರೆಯಲು ಆಗುವುದಿಲ್ಲವೇ?

ಒಂದು ಮಾತು ಸ್ಪಷ್ಟವಿರಲಿ. ನಮ್ಮ ಜಗಳ ಕೌಂಟರಿನ ಹಿಂದೆ ನಿಂತ ಹೊರರಾಜ್ಯದ ಹುಡುಗನ ಮೇಲಲ್ಲ. ಅವನೂ ಹೊಟ್ಟೆಪಾಡಿಗೆ ಬಂದವನು, ಅವನನ್ನು ಬೈದು ವೀರನಾಗಬೇಡಿ. ಕನ್ನಡಿಗರ ಕೋಟಿ ಕೋಟಿ ಹಣ ಎಣಿಸಿಕೊಂಡು, ಅವನಿಗೆ ನಾಲ್ಕು ಮಾತು ಕನ್ನಡ ಕಲಿಸಲೂ, ಅವನ ಪಕ್ಕ ಒಬ್ಬ ಕನ್ನಡಿಗನನ್ನು ಕೂರಿಸಲೂ ಜಿಪುಣತನ ಮಾಡುವ ಮಾಲೀಕನ ಮೇಲೆ ನಮ್ಮ ಜಗಳ. ಸರೋಜಿನಿ ಮಹಿಷಿ ವರದಿ 1986ರಲ್ಲೇ ಬಂತು. ಕನ್ನಡಿಗರಿಗೆ ಉದ್ಯೋಗ ಎಂಬುದು ಕನ್ನಡಿಗರ ಪ್ರಾಣರಕ್ಷಣೆಯೂ ಹೌದು ಎಂಬುದು ಬ್ರೇಕಿನ ವಿಷಯದಲ್ಲಾದರೂ ಇವರ ತಲೆಗೆ ಹೋಗಲಿ.

ಯುವಕ ಯುವತಿಯರೇ, ಮುಂದಿನ ಸಲ ಅಪ್ಪನ ಕಾರನ್ನೋ ಅಕ್ಕನ ಸ್ಕೂಟರನ್ನೋ ಸರ್ವೀಸಿಗೆ ಬಿಡುವಾಗ ಪೆನ್ನು ನಿಮ್ಮ ಕೈಯಲ್ಲಿರಲಿ. "ಜಾಬ್ ಕಾರ್ಡು ಕೊಡಿ, ದೂರು ನಾನೇ ಬರೀತೀನಿ" ಎನ್ನಿ. ಕನ್ನಡದಲ್ಲಿ ಬರೆಯಿರಿ. ಇದು ನಮಗೆ ಅರ್ಥವಾಗುವುದಿಲ್ಲ ಎಂದರೆ, ಅರ್ಥವಾಗುವವರನ್ನು ಕರೆಯಿರಿ, ಕಾಯುತ್ತೇನೆ ಎಂದು ಅಲ್ಲೇ ಕುರ್ಚಿ ಎಳೆದುಕೊಂಡು ಕೂತುಬಿಡಿ. ದಿನಕ್ಕೆ ಹತ್ತು ಜನ ಹೀಗೆ ಕೂತರೆ, ತಿಂಗಳೊಳಗೆ ಆ ಕೌಂಟರಿನಲ್ಲಿ ಕನ್ನಡ ತಾನಾಗಿ ಬರುತ್ತದೆ.

ಸಿರಿಗನ್ನಡಂ ಗೆಲ್ಗೆ!