ಚೌಡಕಿ ಬಾರಿಸೋ ಆಯಿಗೆ ಹೆಸರಿಲ್ಲೇನ್ರಿ?



ಭಾರತ ಹುಣ್ಣಿಮೆ ಹತ್ತಿರ ಬಂತಂದ್ರ ನನ್ನ ಫೋನು ಬಡಕೊಳ್ಳಾಕ ಶುರುವಾಗತೈತಿ. "ಸರ್, ಸವದತ್ತಿ ಎಲ್ಲಮ್ಮನ ಗುಡ್ಡದ ಮೇಲೆ ಡಾಕ್ಯುಮೆಂಟರಿ ಮಾಡ್ತಿದೀವಿ, ಒಬ್ಬ ದೇವದಾಸಿ ತೋರಿಸಿಕೊಡಿ." ತೋರಿಸಿಕೊಡಾಕ ಅವರೇನು ಸಂತಿಯೊಳಗಿನ ಎತ್ತಾ?

ಕೆಲವು ವರ್ಷದ ಹಿಂದೆ ಆಫೀಸಿಗೆ ಎರಡು ದಿನ ರಜೆ ಹಾಕಿ ಇಂಥದೊಂದು ತಂಡದ ಜೊತೆ ನಾನೇ ಹೋಗಿದ್ದೆ. ರಾಮದುರ್ಗ ಕಡೆಯ ನಮ್ಮ ಕೇರಿಯ ಆಯಿ. ಬಗಲಲ್ಲಿ ಚೌಡಕಿ ಅವಚಿಕೊಂಡು ಕುಂತಳು. ಒಂದು ಕಡೆ ಚರ್ಮ ಬಿಗಿದ ಕೊಳಗದಂಥ ವಾದ್ಯ, ಅದಕ್ಕ ಒಂದೇ ತಂತಿ. ಅದನ್ನ ಬಿಗಿ ಮಾಡ್ತಾ ಸಡಿಲ ಬಿಡ್ತಾ ಆಕಿ ತಾಳಾನೂ ಹಿಡೀತಾಳ, ದನಿಯನ್ನೂ ಏರಿಸ್ತಾಳ. ಅಕ್ಷರ ಗೊತ್ತಿಲ್ಲ, ಎಲ್ಲಮ್ಮನ ಕಥಿ ಮಾತ್ರ ರಾತ್ರಿಯಿಡೀ ಹಾಡೋವಷ್ಟು ಬಾಯಾಗ ಐತಿ. ಹಾಡು ಶುರುವಾಗಿ ಐದು ನಿಮಿಷ ಆಗಿಲ್ಲ, ನಿರ್ದೇಶಕರು ಕೈ ಎತ್ತಿ ನಿಲ್ಲಿಸಿದರು. ಮುತ್ತು ಕಟ್ಟಿದಾಗ ವಯಸ್ಸೆಷ್ಟು, ಇಟ್ಟುಕೊಂಡವನು ಯಾರು, ಯಾವಾಗ ಬಿಟ್ಟುಹೋದ, ಇವೇ ಪ್ರಶ್ನೆ. ಹಾಡು ಯಾರ ಹತ್ರ ಕಲಿತಿ ಅಂತ ಒಬ್ಬರೂ ಕೇಳಲಿಲ್ಲ. ಮುಂದ ಸಿನಿಮಾದಾಗ ಆಕಿ ಹಾಡು ಹಿನ್ನೆಲೆ ಸಂಗೀತ ಆತು. ಕೊನೆಗೆ ಓಡೋ ಪಟ್ಟಿಯೊಳಗ ಡ್ರೈವರ್ ಹೆಸರಿತ್ತು, ನನ್ನ ಹೆಸರೂ ಇತ್ತು. ಆಕೀದಿರಲಿಲ್ಲ.

ಸತ್ಯಜಿತ್ ರಾಯ್ 1976ರಲ್ಲಿ ನೃತ್ಯಗಾತಿ ಬಾಲಸರಸ್ವತಿ ಬಗ್ಗೆ ಸಾಕ್ಷ್ಯಚಿತ್ರ ಮಾಡಿದರು. ಆಕೆಯದೂ ದೇವದಾಸಿ ಪರಂಪರೆಯ ಮನೆತನವೇ. ಚಿತ್ರದ ಹೆಸರೇ 'ಬಾಲಾ'. 2011ರಲ್ಲಿ ಬೀಬನ್ ಕಿಡ್ರಾನ್ ಬಿಬಿಸಿಗಾಗಿ ಕರ್ನಾಟಕದ ದೇವದಾಸಿಯರ ಬಗ್ಗೆ ಮಾಡಿದ ಚಿತ್ರದ ಹೆಸರು 'ಸೆಕ್ಸ್, ಡೆತ್ ಅಂಡ್ ದಿ ಗಾಡ್ಸ್'. ಎರಡೂ ಹೆಸರು ಅಕ್ಕಪಕ್ಕ ಇಟ್ಟು ನೋಡ್ರಿ. ಅಲ್ಲಿ ಕಲಾವಿದೆ, ಇಲ್ಲಿ ಕೇಸು. ನಡುವೆ ಇರೋದು ಜಾತಿ ಅಲ್ಲದೆ ಮತ್ತೇನು? ಕಿತ್ತೂರು ರಾಣಿಗೆ 1961ರಲ್ಲೇ ಪಂತುಲು ಸಿನಿಮಾ ಮಾಡಿದರು. ಬೈಲಹೊಂಗಲದ ಸಂಗ್ಯಾ-ಬಾಳ್ಯಾ ಸಣ್ಣಾಟ ಪುಸ್ತಕ ಆತು, ಸಿನಿಮಾನೂ ಆತು. ಚೌಡಕಿ ಹಿಡಿದ ಹೆಣ್ಣುಮಕ್ಕಳು ಮಾತ್ರ ಇನ್ನೂ 'ಸ್ಥಳೀಯ ಮಹಿಳೆ'.

ಮುತ್ತು ಕಟ್ಟೋದನ್ನ ನಾನು ಸಮರ್ಥಿಸ್ತೀನಿ ಅಂತ ಯಾರೂ ತಿಳೀಬ್ಯಾಡ್ರಿ. ಅದು ನಮ್ಮ ಕೇರಿಯ ಹೆಣ್ಣುಮಕ್ಕಳನ್ನ ತಿಂದ ಪದ್ಧತಿ. 1982ರಲ್ಲೇ ನಿಷೇಧ ಕಾಯ್ದೆ ಬಂದರೂ ಅದರ ವಿರುದ್ಧ ಬೀದಿಗೆ ಇಳಿಯೋದು ನಮಗೆ ತಪ್ಪಿಲ್ಲ. ಹಂಗಂತ ಆಕಿ ಕಲಿತ ವಿದ್ಯೆ ಆಕೀದಲ್ಲೇನು? "ಮಂಜಮ್ಮ ಜೋಗತಿಗೆ ಪದ್ಮಶ್ರೀ ಕೊಟ್ಟರಲ್ಲ" ಅಂತಾರ. 2021ರಲ್ಲಿ ಕೊಟ್ಟರು, ನಾವೂ ಹಲಗಿ ಬಾರಿಸಿದ್ವಿ. ಉಳಿದವರ ಹೆಸರು ಅಳಿಸಾಕ ಅದು ಲೈಸೆನ್ಸ್ ಅಲ್ಲ.

ಆಯಿ ಹೆಸರನ್ನ ನೀನ್ಯಾಕೆ ಬರೆದಿಲ್ಲ ಅಂತ ಕೇಳಬಹುದು. ಆಕಿನ್ನ ಕೇಳದೆ ಬರೆಯೋದು ಸರಿಯಲ್ಲ. ಹೆಸರು ಬ್ಯಾಡ ಅನ್ನೋ ಹಕ್ಕೂ ಆಕೀದೇ. ನನ್ನ ಸಿಟ್ಟು ಇರೋದು, ಕೇಳಲೇ ಇಲ್ಲವಲ್ಲ ಅಂತ.

ಈ ವರ್ಷ ಫೋನ್ ಮಾಡೋರು ಮೊದಲೇ ತಿಳ್ಕೊಳ್ರಿ. ಹಾಡನ್ನ ಪೂರ್ತಿ ರೆಕಾರ್ಡ್ ಮಾಡಬೇಕು. ಸ್ಟುಡಿಯೋ ಗಾಯಕಿಗೆ ಕೊಡೋ ಸಂಭಾವನೆಯನ್ನೇ ಆಕಿ ಕೈಗೆ ಕೊಡಬೇಕು. ಒಂದು ಪ್ರತಿ ಪೆನ್‌ಡ್ರೈವ್‌ನಾಗ ಕೇರಿಗೆ ಬರಬೇಕು. ಇಷ್ಟನ್ನ ಕಾಗದದ ಮೇಲೆ ಬರೆದುಕೊಡ್ರಿ, ನಾನು ಆಫೀಸಿಗೆ ರಜೆ ಬರೀತೀನಿ.