ಹನಿಗಾಡಿಯ ಚಾವಣಿಗೆ ಮರವೆಷ್ಟು ಬೇಕು?

ಅಮೆರಿಕ ದೇಶದಲ್ಲಿ 1930ರ ದಶಕದಿಂದಲೂ ಒಂದು ಬಗೆಯ ಪುಟ್ಟ ಗಾಡಿ ಬಳಕೆಯಲ್ಲಿದೆ. ಮೋಟಾರು ಕಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಈ ಟ್ರೈಲರಿಗೆ ಚಕ್ರಗಳು ಎರಡೇ. ಒಳಗೆ ಇಬ್ಬರು ಕಾಲು ಚಾಚಿ ಮಲಗಬಹುದು, ಎದ್ದು ನಿಲ್ಲುವಂತಿಲ್ಲ. ಹಿಂಬದಿಯ ಮುಚ್ಚಳವನ್ನು ಮೇಲೆತ್ತಿದರೆ ಅದರಡಿಯಲ್ಲಿ ಅಡುಗೆಯ ಕಟ್ಟೆ. ಪಕ್ಕದಿಂದ ನೋಡುವವರಿಗೆ ಮುಂಭಾಗ ದುಂಡಗೂ ಹಿಂಭಾಗ ಇಳಿಜಾರಾಗಿಯೂ ಕಾಣುವುದರಿಂದ ಇದಕ್ಕೆ ‘ಕಣ್ಣೀರ ಹನಿ’ ಎಂಬ ಹೆಸರು ಬಂದಿತು. (ಬೀಳುವ ನೀರಿನ ಹನಿಗೆ ಈ ಆಕಾರವಿಲ್ಲ. ಚಿಕ್ಕ ಮಳೆಹನಿ ಗುಂಡಾಗಿರುವುದು, ದೊಡ್ಡದು ತಳದಲ್ಲಿ ಚಪ್ಪಟೆಯಾಗುವುದು. ಆದರೆ ಹೆಸರಿಟ್ಟವರೊಡನೆ ಈಗ ಜಗಳವಾಡಿ ಫಲವೇನು?) ಎರಡನೆಯ ಮಹಾಯುದ್ಧವು 1945ರಲ್ಲಿ ಮುಗಿದ ತರುವಾಯ ಅಲ್ಲಿಯ ಹವ್ಯಾಸಿ ಪತ್ರಿಕೆಗಳು ಇದರ ನಕ್ಷೆಗಳನ್ನು ಅಚ್ಚುಮಾಡಿದವು, ಜನರು ತಮ್ಮ ಮನೆಯಂಗಳದಲ್ಲಿಯೇ ಗಾಡಿ ಕಟ್ಟತೊಡಗಿದರು. ಇಂದಿಗೂ ಕಟ್ಟುತ್ತಿದ್ದಾರೆ. ಪ್ಲೈವುಡ್ಡಿನ ಹಲಗೆ 4 ಅಡಿ ಅಗಲ, 8 ಅಡಿ ಉದ್ದಕ್ಕೆ ದೊರೆಯುವುದರಿಂದ ಗಾಡಿಯ ಅಗಲ ಮತ್ತು ಉದ್ದಗಳೂ ಸಾಮಾನ್ಯವಾಗಿ ಅಷ್ಟೇ.

ಇಂಥ ಗಾಡಿಯನ್ನು ಸ್ವಂತ ಕೈಯಿಂದ ಕಟ್ಟಹೊರಟವನಿಗೆ ಎಲ್ಲಕ್ಕಿಂತ ಹೆಚ್ಚಿನ ಚಿಂತೆ ಚಾವಣಿಯದು. ಅದರ ಕೆಳಗೆ ತಾನೂ ತನ್ನವರೂ ಮಲಗಬೇಕಷ್ಟೆ. ಎರಡು ಪಕ್ಕದ ಗೋಡೆಗಳ ನಡುವೆ ಅಡ್ಡಲಾಗಿ ಕೆಲವು ಮರದ ರೀಪುಗಳು, ಅವುಗಳ ಮೇಲೆ ಬಾಗಿಸಿ ಹೊದಿಸಿದ 3 ಮಿಲಿಮೀಟರು ದಪ್ಪದ ಪ್ಲೈವುಡ್ಡು: ನೋಡಿದರೆ ಯಾರಿಗಾದರೂ ಅಳುಕು ಬರುವುದು ಸಹಜ. ಆ ಅಳುಕಿಗೆ ಅವನು ಕಂಡುಕೊಳ್ಳುವ ಮದ್ದು ಇನ್ನೊಂದು ರೀಪು, ಇನ್ನೂ ದಪ್ಪ ಹಲಗೆ. ಈ ಮದ್ದು ಅನೇಕ ವೇಳೆ ರೋಗಕ್ಕಿಂತ ಕೆಟ್ಟದ್ದೆಂಬುದೇ ನಮ್ಮ ವಾದ.

ಲೆಕ್ಕವನ್ನು ನೋಡೋಣ. ಮುಂದಿನ ತಳದಿಂದ ಹಿಂದಿನ ಮುಚ್ಚಳದವರೆಗೆ ಬಾಗಿ ಬರುವ ಹೊದಿಕೆಯ ಉದ್ದ 3 ಮೀಟರು, ಅಗಲ 1.2 ಮೀಟರು ಎಂದಿಟ್ಟುಕೊಂಡರೆ, 3 ಮಿಲಿಮೀಟರಿನ ಪ್ಲೈವುಡ್ಡು ಸುಮಾರು ಆರೂವರೆ ಕಿಲೋಗ್ರಾಂ ತೂಗುವುದು. ಭಯಪಟ್ಟು 18 ಮಿಲಿಮೀಟರಿನದನ್ನು ಹಾಕಿದವನು 39 ಕಿಲೋಗ್ರಾಂ ಹೊರಿಸಿದಂತಾಯಿತು. ಅದೂ ಗಾಡಿಯ ನೆತ್ತಿಯ ಮೇಲೆ. ಗುರುತ್ವಕೇಂದ್ರವು ಮೇಲೇರಿದಷ್ಟೂ ತಿರುವಿನಲ್ಲಿ ಗಾಡಿ ವಾಲುವುದು ಹೆಚ್ಚು. ಎಳೆಯುವ ಕಾರಿನ ಎಂಜಿನ್ನಿಗೂ ಬ್ರೇಕಿಗೂ ಈ ಭಾರವನ್ನು ಕೊಟ್ಟು ನಾವು ಪಡೆದದ್ದೇನು?

ಈ ಪ್ರಶ್ನೆಗೆ ಉತ್ತರವು ನಮ್ಮ ಕಾಲೇಜುಗಳ ಪ್ರಯೋಗಶಾಲೆಯಲ್ಲಿಯೇ ಇದೆ. ಮೀಟರು ಕೋಲನ್ನು ಎರಡು ಅಲಗುಗಳ ಮೇಲಿಟ್ಟು, ನಡುವೆ ತೂಕವನ್ನು ನೇತುಹಾಕಿ, ಬಾಗನ್ನು ಸೂಕ್ಷ್ಮದರ್ಶಕದಿಂದ ಅಳೆದು ಯಂಗನ ಗುಣಾಂಕವನ್ನು ಕಂಡುಹಿಡಿಯುವ ಪ್ರಯೋಗವನ್ನು ಪದವಿ ತರಗತಿಯ ವಿದ್ಯಾರ್ಥಿಗಳು ಮಾಡಿಯೇ ಇರುತ್ತಾರೆ. ಬಾಗು ಕೋಲಿನ ಅಗಲಕ್ಕೆ ವಿಲೋಮವಾಗಿಯೂ, ದಪ್ಪದ ಘನಕ್ಕೆ ವಿಲೋಮವಾಗಿಯೂ ಇರುವುದೆಂದು ದಾಖಲೆ ಪುಸ್ತಕದಲ್ಲಿ ಬರೆದು, ಸಹಿ ಹಾಕಿಸಿಕೊಂಡು ಮರೆತೂ ಬಿಡುತ್ತಾರೆ. ಆದರೆ ಆ ‘ಘನ’ ಎಂಬ ಒಂದು ಮಾತಿನಲ್ಲಿಯೇ ಚಾವಣಿಯ ಗುಟ್ಟೆಲ್ಲ ಅಡಗಿದೆ.

19 ಮಿಲಿಮೀಟರು ದಪ್ಪ, 38 ಮಿಲಿಮೀಟರು ಅಗಲದ ಒಂದು ರೀಪನ್ನು ತೆಗೆದುಕೊಳ್ಳಿ. ಮೆದುಮರದ್ದಾದರೆ 1.2 ಮೀಟರಿನ ತುಂಡು ಅರ್ಧ ಕಿಲೋಗ್ರಾಮೂ ತೂಗದು. ಇದನ್ನು ಚಪ್ಪಟೆಯಾಗಿ ಮಲಗಿಸಿ ನಡುವೆ 15 ಕಿಲೋಗ್ರಾಂ ತೂಕವನ್ನು ತೂಗುಹಾಕಿದರೆ ಸುಮಾರು 25 ಮಿಲಿಮೀಟರು ಬಾಗುವುದು. ಅದನ್ನೇ ಕಿರಿಯ ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿ ಅದೇ ತೂಕವನ್ನು ಕೊಟ್ಟರೆ ಬಾಗು ಸುಮಾರು 6 ಮಿಲಿಮೀಟರು ಮಾತ್ರ. ಮರ ಅದೇ, ತೂಕ ಅದೇ. ಬಿಗಿ ನಾಲ್ಕು ಪಟ್ಟು. ಬಡಗಿಗೆ ಕೂಲಿ ಹೆಚ್ಚಿಲ್ಲ, ಕಾರಿಗೆ ಭಾರ ಹೆಚ್ಚಿಲ್ಲ. ಆದರೂ ಒಳಗಿನ ಎತ್ತರ ಎರಡು ಬೆರಳಗಲ ಕಡಿಮೆಯಾದೀತೆಂದು ರೀಪನ್ನು ಮಲಗಿಸಿ, ಆಮೇಲೆ ಸಾಲದೆಂದು ನಾಲ್ಕು ಹೆಚ್ಚಿಗೆ ಜಡಿಯುವವರುಂಟು.

ಹೀಗೆ ನಿಲ್ಲಿಸಿದ ರೀಪುಗಳನ್ನು 40 ಸೆಂಟಿಮೀಟರಿಗೆ ಒಂದರಂತೆ ಜೋಡಿಸಿದರೆ ಸಾಕೆ? ಚಳಿಗಾಲದಲ್ಲಿ ಅಲ್ಲಿಯ ಅಂಗಳದಲ್ಲಿ ನಿಂತ ಗಾಡಿಯ ಮೇಲೆ 30 ಸೆಂಟಿಮೀಟರು ಹೊಸ ಹಿಮ ಬಿದ್ದಿತೆನ್ನೋಣ. ಹೊಸ ಹಿಮ ನೀರಿನ ಹತ್ತನೆಯ ಒಂದು ಪಾಲಿನಷ್ಟು ಸಾಂದ್ರ. ಆದುದರಿಂದ ಭಾರ ಚದರ ಮೀಟರಿಗೆ 30 ಕಿಲೋಗ್ರಾಂ. ಒಂದು ರೀಪಿನ ಪಾಲಿಗೆ ಬರುವುದು 14 ಕಿಲೋಗ್ರಾಮಿಗೆ ಸ್ವಲ್ಪ ಹೆಚ್ಚು. ಅದು ಉದ್ದಕ್ಕೂ ಹರಡಿರುವುದರಿಂದ ಬಾಗು 4 ಮಿಲಿಮೀಟರನ್ನು ಮೀರದು. ಒದ್ದೆ ಹಿಮ ಇದರ ಹಲವು ಪಟ್ಟು ತೂಗಬಲ್ಲುದು ನಿಜ, ಆದರೆ ಅದನ್ನು ಗುಡಿಸಿ ಹಾಕಲು ಪೊರಕೆ ಸಾಕು, ತೊಲೆ ಬೇಕಿಲ್ಲ.

ನಮ್ಮ ಕಮಾನುಗಾಡಿಯನ್ನು ಬಲ್ಲ ಓದುಗರು ಇಲ್ಲಿ ಒಂದು ಪ್ರಶ್ನೆ ಎತ್ತಬಹುದು: ಬಾಗಿಸಿದ ಬಿದಿರಿನ ಸೀಳುಗಳ ಮೇಲೆ ಚಾಪೆ ಹೊದಿಸಿದರೆ ಸಾಕಾಗುತ್ತಿತ್ತಲ್ಲ, ಇಲ್ಲಿಯೂ ಚಾವಣಿ ಬಾಗಿರುವಾಗ ರೀಪೇಕೆ? ಕಮಾನುಗಾಡಿಯಲ್ಲಿ ಬಾಗು ಗಾಡಿಯ ಅಡ್ಡಕ್ಕೆ. ಒಂದೊಂದು ಬಿದಿರೂ ತಾನೇ ಒಂದು ಕಮಾನು, ಅದರ ಎರಡು ತುದಿಗಳೂ ಗಾಡಿಯ ಎರಡು ಪಕ್ಕಗಳಲ್ಲಿ ಬಿಗಿದಿರುವುವು. ಹನಿಗಾಡಿಯಲ್ಲಿ ಬಾಗು ಉದ್ದಕ್ಕೆ. ಅಡ್ಡಲಾಗಿ ಅದು ನೆಟ್ಟನೆಯ ಹಲಗೆಯೇ. ಉದ್ದದ ಕಮಾನಿನ ಮುಂದಿನ ತುದಿಯೇನೋ ತಳಕ್ಕೆ ಬಿಗಿದಿದೆ, ಹಿಂದಿನ ತುದಿ? ಅಲ್ಲಿ ಅಡುಗೆಯ ಮುಚ್ಚಳವಿದೆ. ಮುಚ್ಚಳಕ್ಕಾಗಿ ಕಮಾನನ್ನು ಕತ್ತರಿಸಿದ್ದಾಗಿದೆ. ಕತ್ತರಿಸಿದ ಕಮಾನು ಕಮಾನಲ್ಲ.

ಆದುದರಿಂದ ಮರ ಸೇರಿಸಲೇಬೇಕೆನ್ನುವವನು ಸೇರಿಸಬೇಕಾದ ಸ್ಥಳ ಇದು. ಮುಚ್ಚಳದ ಬಿಜಾಗರಿಗಳನ್ನು ಹೊರುವ ಕೊನೆಯ ರೀಪು ಚಾವಣಿಯ ಅಂಚನ್ನೂ ಹಿಡಿಯಬೇಕು, ಎತ್ತಿದ ಮುಚ್ಚಳದ ಭಾರವನ್ನೂ ಹೊರಬೇಕು. ಅದನ್ನು ಇಮ್ಮಡಿ ಮಾಡಿ, ಸಾಧ್ಯವಿದ್ದರೆ ಅದರಡಿಯಲ್ಲಿ ಮಲಗುವ ಕೋಣೆಗೂ ಅಡುಗೆಯ ಕಟ್ಟೆಗೂ ನಡುವಣ ಅಡ್ಡಗೋಡೆ ಬರುವಂತೆ ಮಾಡಿದವನು ಜಾಣ. ಗಾಳಿಗಾಗಿ ಚಾವಣಿಯಲ್ಲಿ 14 ಅಂಗುಲ ಚೌಕದ ಕಿಂಡಿ ಕೊರೆಯುವುದೂ ವಾಡಿಕೆ. ರೀಪುಗಳ ಅಂತರವನ್ನು ಮೊದಲೇ ಗೊತ್ತುಮಾಡಿಕೊಂಡರೆ ಕಿಂಡಿ ಎರಡರ ನಡುವೆ ಕುಳಿತುಕೊಳ್ಳುವುದು. ಇಲ್ಲದಿದ್ದರೆ ಒಂದನ್ನು ಕಡಿಯಬೇಕಾಗುವುದು.

ಇನ್ನು ಗಾಳಿಯ ಮಾತು. ಚಾವಣಿಗೆ ಆಸರೆಯೆಂದೊಡನೆ ನಮ್ಮ ಮನಸ್ಸು ಮೇಲಿನಿಂದ ಕೆಳಕ್ಕೆ ಬರುವ ಭಾರವನ್ನೇ ಕಲ್ಪಿಸಿಕೊಳ್ಳುತ್ತದೆ. ಗಂಟೆಗೆ 80 ಕಿಲೋಮೀಟರಿನಂತೆ ಓಡುವಾಗ, ಎಂದರೆ ಸೆಕೆಂಡಿಗೆ 22 ಮೀಟರು, ಗಾಳಿಯ ವೇಗದಿಂದುಂಟಾಗುವ ಒತ್ತಡ ಚದರ ಮೀಟರಿಗೆ ಸುಮಾರು 300 ನ್ಯೂಟನ್. 30 ಕಿಲೋಗ್ರಾಂ ತೂಕಕ್ಕೆ ಸಮ. ಬಾಗಿದ ಚಾವಣಿಯ ಮೇಲೆ ಗಾಳಿ ಇನ್ನೂ ವೇಗವಾಗಿ ಹರಿಯುವುದು. ಬರ್ನೂಲಿಯ ತತ್ತ್ವದಂತೆ ಅಲ್ಲಿ ಒತ್ತಡ ಕುಗ್ಗಿ ಚಾವಣಿ ಮೇಲಕ್ಕೆ ಸೆಳೆಯಲ್ಪಡುವುದು. ಮುಂದಿರುವ ಕಾರು ಗಾಳಿಯನ್ನು ಕಲಕುವುದರಿಂದ ಈ ಲೆಕ್ಕ ಸ್ಥೂಲವಾದದ್ದೇ ಸರಿ. ಆದರೂ ಅಂಗಳದಲ್ಲಿ ಹಿಮ ಎಷ್ಟು ಒತ್ತಿತೋ ರಸ್ತೆಯಲ್ಲಿ ಗಾಳಿ ಹೆಚ್ಚುಕಡಿಮೆ ಅಷ್ಟೇ ಬಲದಿಂದ ಎತ್ತಬಲ್ಲುದೆಂದಾಯಿತು. ವೇಗ ಇಮ್ಮಡಿಯಾದರೆ ಸೆಳೆತ ನಾಲ್ಮಡಿ. ಹೀಗಿರಲು ರೀಪು ಚಾವಣಿಯನ್ನು ಹೊತ್ತರೆ ಸಾಲದು, ಹಿಡಿದೂ ಇರಬೇಕು.

ರೀಪಿನ ಒಂದೊಂದು ತುದಿಗೆ ಈ ಸೆಳೆತದಲ್ಲಿ ಬರುವ ಪಾಲು ಸುಮಾರು 7 ಕಿಲೋಗ್ರಾಂ ಮಾತ್ರ. ಇಷ್ಟು ಸಣ್ಣ ಬಲಕ್ಕೆ ಮರ ಮುರಿಯುವುದಿಲ್ಲ. ಆದರೆ ಹಳ್ಳದಿಣ್ಣೆಗಳ ರಸ್ತೆಯಲ್ಲಿ ಗಾಡಿ ಕುಲುಕಿದಂತೆಲ್ಲ ಬಲದ ದಿಕ್ಕು ಬದಲಾಗುತ್ತಲೇ ಇರುವುದು. ಸಾವಿರಾರು ಸಲ ಹೀಗಾದಾಗ ಸಡಿಲುವುದು ಸಂದು. ಪಕ್ಕದ ಗೋಡೆಯ ಹೊರಗಿನಿಂದ ರೀಪಿನ ತುದಿಗೆ ನೇರವಾಗಿ ತಿರುಪುಮೊಳೆ ಹಾಕಿದರೆ ಅದು ಮರದ ನಾರಿನ ಉದ್ದಕ್ಕೆ ಇಳಿಯುವುದು. ಅಲ್ಲಿ ಅದರ ಹಿಡಿತ ದುರ್ಬಲ. ಗೋಡೆಯ ಒಳಮಗ್ಗುಲಿಗೆ ಒಂದು ಪಟ್ಟಿಯನ್ನು ಅಂಟಿಸಿ, ರೀಪನ್ನು ಅದರ ಮೇಲೆ ಕೂರಿಸಿ, ಅಂಟನ್ನೂ ಮೊಳೆಯನ್ನೂ ಕೂಡಿಸಿ ಬಿಗಿದರೆ ಗಾಡಿಗೆ ಹೆಚ್ಚುವ ಭಾರ ಅತ್ಯಲ್ಪ, ದೊರೆಯುವ ಲಾಭ ಬಹಳ. ಹೊದಿಕೆಯ ಪ್ಲೈವುಡ್ಡನ್ನೂ ಹೀಗೆಯೇ ರೀಪುಗಳಿಗೂ ಗೋಡೆಗಳ ಅಂಚಿಗೂ ಅಂಟಿಸಿದಾಗ ಇಡೀ ಪೆಟ್ಟಿಗೆ ಒಂದಾಗಿ ನಿಂತು, ಗೋಡೆಗಳು ಓರೆಯಾಗಿ ಸೊಟ್ಟಗಾಗದಂತೆ ತಡೆಯುವುದು.

ರೀಪೇ ಬೇಡವೆನ್ನುವ ದಾರಿಯೂ ಇದೆ. 3 ಮಿಲಿಮೀಟರಿನ ಎರಡು ಪ್ಲೈವುಡ್ಡುಗಳನ್ನು ಒಂದರ ಮೇಲೊಂದು ಅಂಟಿಸುವ ಬದಲು, ನಡುವೆ 19 ಮಿಲಿಮೀಟರಿನ ಹಗುರವಾದ ಗಟ್ಟಿ ನೊರೆಯ ಹಲಗೆಯನ್ನಿಟ್ಟು ಅಂಟಿಸಿದರೆ ಬಿಗಿ ಸುಮಾರು 40 ಪಟ್ಟು ಹೆಚ್ಚುವುದೆಂದು ಅದೇ ಘನದ ಲೆಕ್ಕ ತೋರಿಸುತ್ತದೆ. ಬ್ರಿಟನ್ನಿನ ‘ಮಸ್ಕಿಟೊ’ ಯುದ್ಧವಿಮಾನ 1940ರಲ್ಲಿ ಮೊದಲು ಹಾರಿದಾಗ ಅದರ ಒಡಲು ಹೀಗೆಯೇ ತೆಳು ಪ್ಲೈವುಡ್ಡಿನ ನಡುವೆ ಬಾಲ್ಸಾ ಮರವನ್ನಿಟ್ಟು ಕಟ್ಟಿದುದಾಗಿತ್ತು. ಅಂಟು ಎಲ್ಲಿಯಾದರೂ ಬಿಟ್ಟರೆ ಮಾತ್ರ ಆ 40 ಪಟ್ಟು ಅಲ್ಲಿ ಮಾಯವಾಗುವುದು. ಮೊದಲ ಸಲ ಕಟ್ಟುವವನಿಗೆ ನಾವು ರೀಪನ್ನೇ ಹೇಳುತ್ತೇವೆ.

ಅನುಭವವುಳ್ಳ ಬಡಗಿ ಇದನ್ನೆಲ್ಲ ಕೇಳಿ ನಗಬಹುದು. ಮರದಲ್ಲಿ ಗಂಟಿರುವುದು ನಿಮ್ಮ ಸೂತ್ರಕ್ಕೆ ಗೊತ್ತೆ? ಯಾರಾದರೂ ಚಾವಣಿಯ ಮೇಲೆ ಹತ್ತಿದರೆ? ಎಂದು ಕೇಳಬಹುದು. ಮೊದಲನೆಯ ಮಾತನ್ನು ನಾವು ಒಪ್ಪುತ್ತೇವೆ. ನಡುಭಾಗದಲ್ಲಿ ಗಂಟಿರುವ ರೀಪನ್ನು ಬದಿಗಿಡತಕ್ಕದ್ದು. ಎರಡನೆಯದಕ್ಕೂ ಲೆಕ್ಕವೇ ಉತ್ತರ ಕೊಡುತ್ತದೆ. 70 ಕಿಲೋಗ್ರಾಮಿನ ಮನುಷ್ಯ ಒಂದೇ ರೀಪಿನ ನಡುವೆ ಮೊಣಕಾಲೂರಿದರೆ, ನಿಲ್ಲಿಸಿದ ರೀಪು ಕೂಡ 3 ಸೆಂಟಿಮೀಟರಿನಷ್ಟು ಬಾಗಿ ಮುರಿಯುವ ಅಂಚಿಗೆ ಬರುವುದು. ಮಲಗಿಸಿದ್ದು ಮುರಿದೇ ಹೋಗುವುದು. ಆ ಮನುಷ್ಯನಿಗಾಗಿ ಇಡೀ ಚಾವಣಿಯನ್ನು ಭಾರ ಮಾಡುವುದಕ್ಕಿಂತ ಅವನಿಗೊಂದು ಏಣಿ ಕೊಡುವುದು ಲೇಸು. ದೋಣಿಯನ್ನೋ ಸಾಮಾನನ್ನೋ ಮೇಲೆ ಹೇರುವುದಿದ್ದರೆ, ಆ ಭಾರ ರೀಪುಗಳ ಮೇಲೆ ಕೂರದೆ ನೇರವಾಗಿ ಪಕ್ಕದ ಗೋಡೆಗಳ ಮೇಲಿಳಿಯುವಂತೆ ಅಡ್ಡಗಳುಗಳನ್ನು ಕಟ್ಟಬೇಕು.

ನಮ್ಮ ಲೆಕ್ಕವನ್ನು ನಂಬದವರು ನಂಬಬೇಕಾಗಿಲ್ಲ. ಒಂದು ರೀಪು, 1.2 ಮೀಟರು ದೂರದಲ್ಲಿಟ್ಟ ಎರಡು ಕುರ್ಚಿಗಳು, 15 ಲೀಟರು ನೀರು ತುಂಬಿದ ಒಂದು ಬಕೆಟ್ಟು, ಒಂದು ಅಳತೆಪಟ್ಟಿ ಇದ್ದರಾಯಿತು. ನಿಲ್ಲಿಸಿದ ರೀಪು ಪಕ್ಕಕ್ಕೆ ಉರುಳದಂತೆ ತುದಿಗಳನ್ನು ಗೆಳೆಯರಿಬ್ಬರು ಹಿಡಿದುಕೊಳ್ಳಲಿ. ನೀರು ಚೆಲ್ಲಿದರೂ ಚಿಂತೆಯಿಲ್ಲದ ಕಡೆ ಮಾಡಿ.